ನೈಟಿಗೊಂದು ಫೋಟೊ

ಸವಳಂಗದ ಉಚ್ಚಂಗೆಮ್ಮನಿಗೆ ನೈಟಿ ಅಂದರೆ ಹಗಲಿನ ಬಟ್ಟೆ. ಬೆಳಿಗ್ಗೆ ಕಸ ಗುಡಿಸುವಾಗ ತೊಟ್ಟದ್ದು ಸಂಜೆ ದೀಪ ಹಚ್ಚುವವರೆಗೂ ಮೈಮೇಲೆ. ಯಾರಾದರೂ ಬಾಗಿಲಿಗೆ ಬಂದರೆ ಹೆಗಲಿಗೊಂದು ಟವೆಲ್, ಅಷ್ಟಕ್ಕೆ ಮರ್ಯಾದೆ ಉಳಿಯಿತು. ಊರಿನ ಅರ್ಧ ಹೆಂಗಸರ ನೈಟಿ ಅವಳ ಹೊಲಿಗೆ ಮಿಷನ್ನಿನಲ್ಲೇ ಹುಟ್ಟಿದ್ದು.

ನಾಳೆ ನ್ಯಾಮತಿ ಸಂತೆ. ಅಲ್ಲಿ ನೈಟಿ ಮಾರುವ ಗೌಸಿಯಾ ಇವತ್ತು ಸಂಜೆ ಬಂದು ಹೊಲಿದ ನೈಟಿಗಳ ಗಂಟು ಒಯ್ಯುವವಳಿದ್ದಳು. ಹೋದ ವಾರ ಉಚ್ಚಂಗೆಮ್ಮ ಜ್ವರ ಬಂದು ಮಾತು ತಪ್ಪಿದ್ದಳು. ಈ ಸಲವೂ ತಪ್ಪಿದರೆ ಹೊನ್ನಾಳಿಯಿಂದ ರೆಡಿಮೇಡ್ ತರಿಸುತ್ತೇನೆಂದು ಗೌಸಿಯಾ ಹೇಳಿಹೋಗಿದ್ದಳು. ಆ ಕೆಲಸ ಕೈತಪ್ಪಿದರೆ ಮನೆ ನಡೆಯುವುದಿಲ್ಲ. ಜ್ವರ ಬಿಟ್ಟರೂ ಸುಸ್ತು ಬಿಟ್ಟಿರಲಿಲ್ಲ. ಸೊಂಟ ಹಿಡಿದಿತ್ತು, ಜೀವ ಹಣ್ಣಾಗಿತ್ತು.

ಮಗಳು ಸುನೀತಾ ಪಕ್ಕದಲ್ಲೇ ಫೋನು ಹಿಡಿದು ಕೂತಿದ್ದಳು. ಯಾವುದೋ ಡಿಕ್ಷನರಿ ಆ್ಯಪಿನ ಕೆಲಸ ಅವಳದು. ಅವರು ಇಂಗ್ಲಿಷ್ ಪದ ಕೊಟ್ಟರೆ ಇವಳು ಕನ್ನಡದಲ್ಲಿ ಅರ್ಥ, ಕಾಲೇಜಿನಲ್ಲಿ ಒಂದಿಷ್ಟು ಕಲಿತ ಫ್ರೆಂಚಿನಲ್ಲಿ ಸಮಪದ, ಜೊತೆಗೊಂದು ಫೋಟೊ ಕಳಿಸಬೇಕು.

“ಅವ್ವಾ, ಇವತ್ತು ನಮ್ಮ ನೈಟಿನೇ ಬಂದೈತೆ ನೋಡು. ಫ್ರೆಂಚ್‌ನಾಗೆ ‘ಷಮೀಸ್ ದ ನ್ಯುಯಿ’ ಅಂತಾರೆ. ರಾತ್ರಿ ಅಂಗಿ.”

“ಅರ್ಥ ಏನು ಬರೆದೆ?”

“ಹೆಂಗಸರು ಮಲಗಾಕೆ ಹಾಕ್ಕೊಳ್ಳೋ ಸಡಿಲ ಅಂಗಿ.”

ಉಚ್ಚಂಗೆಮ್ಮ ಸೂಜಿಗೆ ದಾರ ಪೋಣಿಸುತ್ತಾ ನಕ್ಕಳು. “ಮಲಗಾಕಾ? ಆ ದೇಶದ ಹೆಂಗಸರು ಪುಣ್ಯವಂತರು ಬಿಡು.”

“ಮಲಗಿರೋ ಫೋಟೊನೇ ಬೇಕಂತೆ. ಒಂದು ಗಳಿಗೆ ಅಡ್ಡಾಗು ಬಾ.”

“ಹಗಲು ಹೊತ್ತು ಮಲಗಿದ್ರೆ ಮನೆಗೆ ದರಿದ್ರ ಕಣೆ.”

ಬೈದರೂ ಎದ್ದಳು, ಮಗಳದ್ದೂ ಕೆಲಸವೇ ತಾನೇ. ಬಾಣಂತನ, ಹೋದ ವಾರದ ಜ್ವರ ಬಿಟ್ಟರೆ ಹಗಲಿನಲ್ಲಿ ಅವಳು ನೆಲಕ್ಕೆ ಬೆನ್ನು ಹಚ್ಚಿದ್ದಿಲ್ಲ. ಒಳಮನೆಯ ಚಾಪೆ ಮೇಲೆ ಒರಗಿದಳು. ಫೋಟೊ ಅಂದಮೇಲೆ ನಾಲ್ಕು ಮಂದಿ ನೋಡುವಂಥದ್ದು ಎಂದು ಹೆಗಲಿಗೆ ಟವೆಲ್ ಎಳೆದುಕೊಂಡಳು. ಮಗಳು ಕಣ್ಣು ಮುಚ್ಚು ಅಂದಳು, ಮುಚ್ಚಿದಳು. ಹಸಿವು ರುಚಿ ಕೇಳುವುದಿಲ್ಲ, ನಿದ್ದೆ ಹಾಸಿಗೆ ಕೇಳುವುದಿಲ್ಲ.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿರಲಿಲ್ಲ. ಹೊಲಿಗೆ ಇನ್ನೂ ಬಾಕಿ ಇತ್ತು. ಪಡಸಾಲೆಗೆ ಓಡಿಬಂದರೆ, ಸುನೀತಾ ಮಿಷನ್ ಮುಂದೆ ಕೂತು ಕೊನೆಯ ನೈಟಿಯ ಅಂಚು ಹೊಲಿಯುತ್ತಿದ್ದಳು. ಬಾಗಿಲ ಬಳಿ ಗೌಸಿಯಾ ಗಂಟು ಕಟ್ಟುತ್ತಿದ್ದಳು.

“ಎಬ್ಬಿಸಬಾರದೇನೆ?”

“ನಾನೇ ಬ್ಯಾಡ ಅಂದೆ ಅಕ್ಕಾ,” ಎಂದಳು ಗೌಸಿಯಾ. “ಅವ್ವ ಡ್ಯೂಟಿ ಮೇಲದಾಳೆ ಅಂದ್ಲು ನಿಮ್ಮ ಮಗಳು.” ಮುಂದಿನ ವಾರದ ಬಟ್ಟೆ ಇಟ್ಟು, ಗಂಟು ಹೊತ್ತು ಬಸ್ಸಿಗೆ ಹೋದಳು.

ಸುನೀತಾ ಫೋನು ತೋರಿಸಿದಳು. ಬಾಯಿ ಅರ್ಧ ತೆರೆದು, ಕನ್ನಡಕವನ್ನೂ ತೆಗೆಯದೆ ನಿದ್ದೆ ಹೋಗಿದ್ದ ಒಬ್ಬ ಹೆಂಗಸು. ತನ್ನ ಮುಖ ಇಷ್ಟು ಸೋತಿದೆ ಎಂದು ಕನ್ನಡಿ ಯಾವತ್ತೂ ಹೇಳಿರಲಿಲ್ಲ. ಉಚ್ಚಂಗೆಮ್ಮನಿಗೆ ಆ ಹೆಂಗಸಿನ ಮೇಲೆ ಕನಿಕರ ಬಂತು.

“ಫೋಟೊ ವಾಪಸ್ ಬಂತವ್ವ. ಟವೆಲ್ ಇರಬಾರದಂತೆ. ಇನ್ನೊಂದು ತೆಗಿಬೇಕು.”

ಉಚ್ಚಂಗೆಮ್ಮ ಹೆಗಲ ಮೇಲಿನ ಟವೆಲ್ ತೆಗೆದು ಗೂಟಕ್ಕೆ ಹಾಕಿದಳು. ಯಾರ ಹತ್ತಿರವೂ ಏನನ್ನೂ ಕೇಳಿ ಗೊತ್ತಿಲ್ಲದವಳು, ಗೋಡೆ ನೋಡುತ್ತಾ ಅಂಜಿ ಅಂಜಿ ಕೇಳಿದಳು.

“ಹಂಗಾದ್ರೆ ನಾಳೆನೂ ಮಲಗಬೇಕೇನೆ?”