ಅರವತ್ತು ಮಾರು ಆಳದ ಚಿತ್ರ

ಬೋಟಿನಲ್ಲಿ ಮೀನು ತೋರಿಸುವ ಯಂತ್ರ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ತೊಂದರೆ ಇದು. ದಡದ ಹತ್ತಿರ ಪರದೆಯಲ್ಲಿ ಎಲ್ಲ ಚೊಕ್ಕವಾಗಿ ಕಾಣುತ್ತದೆ. ತಳ ಕಾಣುತ್ತದೆ, ತಳದ ಮೇಲಿನ ಕಲ್ಲು ಕಾಣುತ್ತದೆ, ಕಲ್ಲಿನ ಪಕ್ಕದ ಮೀನೂ ಕಾಣುತ್ತದೆ. ನೀರು ಆಳವಾದ ಹಾಗೆ ಚಿತ್ರ ಕದಡುತ್ತದೆ. ಕೊನೆಗೆ ಸಾಸಿವೆ ಚೆಲ್ಲಿದಂತೆ ಪರದೆ ತುಂಬ ಚುಕ್ಕಿಗಳು.

ಬಂದರಿನಲ್ಲಿ ಎಲ್ಲರೂ ಹಿರಿಯಣ್ಣ ಎಂದು ಕರೆಯುವ ಬೋಟಿನ ಯಜಮಾನನಿಗೂ ಹಾಗೇ ಆಯಿತು. ಆ ದಿನ ಅವನು, ಅವನ ತಮ್ಮ, ಇಬ್ಬರು ಜೊತೆಗಾರರು ಅರವತ್ತು ಮಾರು ಆಳದ ನೀರಿಗೆ ಹೋಗಿದ್ದರು.

“ಅಣ್ಣಾ, ತಳ ಯಾವುದು, ಮೀನು ಯಾವುದು ಒಂದೂ ಗೊತ್ತಾಗ್ತಿಲ್ಲ” ಎಂದ ತಮ್ಮ.

“ಆಳಕ್ಕೆ ಬಂದ್ರೆ ಅದಕ್ಕೆ ತಲೆ ತಿರುಗುತ್ತೆ ಬಿಡು. ನಮ್ಮಪ್ಪ ಯಾವ ಪರದೆ ನೋಡಿ ಬಲೆ ಹಾಕಿದ್ದ? ಬಿಡು ಬಲೆ.”

ಬಿಟ್ಟರು. ಸ್ವಲ್ಪ ದೂರ ಎಳೆದಿರಬಹುದು, ಬೋಟು ಗಕ್ಕನೆ ನಿಂತಿತು. ತಳದಲ್ಲಿ ಏನೋ ಬಲೆಯನ್ನು ಕಚ್ಚಿ ಹಿಡಿದಿತ್ತು. ಹಿಂಬದಿ ನೀರಿಗೆ ಬಾಗಿತು. ಹಗ್ಗ ಸಡಿಲಿಸಲು ತಮ್ಮ ಓಡಿದ. ಹಗ್ಗ ಅವನ ಬಲಗೈಯನ್ನು ರಾಟೆಗೆ ಒತ್ತಿತು. ಹಿರಿಯಣ್ಣ ಕತ್ತಿ ಎತ್ತಿ ಹಗ್ಗ ಕಡಿದ. ಬಲೆ ಹೋಯಿತು, ಬೋಟು ಉಳಿಯಿತು. ತಮ್ಮನ ಎರಡು ಬೆರಳು ಮುರಿದಿದ್ದವು.

ಮರುದಿನ ಹಿರಿಯಣ್ಣ ಆ ಯಂತ್ರವನ್ನು ಬಿಚ್ಚಿ ಮನೆಗೆ ತಂದ. ಮಂಚದ ಕೆಳಗೆ, ಹಳೇ ಚಪ್ಪಲಿಗಳ ಜೊತೆ ತಳ್ಳಿದ.

“ಸುಳ್ಳು ಹೇಳೋ ಯಂತ್ರ ನನಗೆ ಬೇಡ. ಇನ್ನು ಇದು ನನ್ನ ಬೋಟಿಗೆ ಏರಿದ್ರೆ ಕೇಳು” ಎಂದ.

ಹೆಂಡತಿ ಮೈದುನನಿಗೆ ಊಟ ಕಲಸಿಕೊಡುತ್ತ ಕೂತಿದ್ದಳು. ಬ್ಯಾಂಡೇಜು ಸುತ್ತಿದ ಕೈಯನ್ನು ಅವನು ಯಾರಿಗೂ ಕಾಣದಂತೆ ತೊಡೆಯ ಪಕ್ಕ ಇಟ್ಟುಕೊಂಡಿದ್ದ. ಊಟ ಮುಗಿದ ಮೇಲೆ ಅವಳು ಮಂಚದ ಕೆಳಗಿಂದ ಯಂತ್ರವನ್ನು ಎಳೆದು, ಸೆರಗಿನಲ್ಲಿ ಧೂಳು ಒರೆಸಿ, ಬಂದರಿನ ಮೂಲೆಯ ಅಂಗಡಿಗೆ ಹೊತ್ತುಕೊಂಡು ಹೋದಳು.

ಅದು ತಂತಿಯಕ್ಕನ ಅಂಗಡಿ. ವೈರ್‌ಲೆಸ್, ದೀಪ, ಬ್ಯಾಟರಿ, ಬೋಟಿನಲ್ಲಿ ಕರೆಂಟು ಹರಿಯುವ ಯಾವುದು ಕೆಟ್ಟರೂ ಆಕೆಯೇ ನೋಡಬೇಕು. ಕೊರಳಲ್ಲಿ ಸದಾ ಒಂದು ಸುತ್ತು ತಂತಿ ಇರುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಆಕೆ ಯಂತ್ರಕ್ಕೆ ಬ್ಯಾಟರಿ ಕೊಟ್ಟು ನೋಡಿದಳು.

“ಯಂತ್ರ ಗಟ್ಟಿಯಾಗಿದೆ. ಯಾವಾಗಿಂದ ಹೀಗೆ?”

“ಬೋಟಿಗೆ ಹೊಸ ಬಣ್ಣ ಬಳಿದು ನೀರಿಗಿಳಿಸಿದ್ರಲ್ಲ, ಆಮೇಲೆ ಜಾಸ್ತಿ ಆಯ್ತು ಅಂತ ಮೈದುನ ಹೇಳ್ತಿದ್ದ.”

“ಹಾಗಾದ್ರೆ ರೋಗ ಇಲ್ಲಿಲ್ಲ. ಬೋಟು ನೋಡ್ಬೇಕು.”

ಸಂಜೆ ಇಬ್ಬರೂ ಮನೆಗೆ ಬಂದಾಗ ಹಿರಿಯಣ್ಣ ಹುಬ್ಬು ಗಂಟಿಕ್ಕಿದ.

“ನೋಡಕ್ಕ, ಕಾಣದ್ದನ್ನ ಕಾಣಿಸ್ತೀನಿ ಅಂತ ಹೇಳೋವ್ರನ್ನ ನಾನು ನಂಬಲ್ಲ. ಅಷ್ಟು ಆಳದಲ್ಲಿ ಬೆಳಕೇ ಇಲ್ಲ. ಇದು ಹೆಂಗೆ ನೋಡುತ್ತೆ?”

“ಇದು ನೋಡಲ್ಲ ಹಿರಿಯಣ್ಣ, ಕೇಳುತ್ತೆ. ಬೋಟಿನ ಅಡಿಯಲ್ಲಿ ಒಂದು ಗುಂಡು ಇದೆಯಲ್ಲ, ಟ್ರಾನ್ಸ್‌ಡ್ಯೂಸರ್ ಅಂತೀವಲ್ಲ, ಅದು ಕೆಳಗೆ ಕೂಗು ಹಾಕುತ್ತೆ. ತಳಕ್ಕೋ ಮೀನಿಗೋ ಬಡಿದು ವಾಪಸ್ಸು ಬಂದ ದನಿಯನ್ನ ಕೇಳಿಸ್ಕೊಂಡು ಚಿತ್ರ ಬರೆಯುತ್ತೆ. ಆಳ ಹೆಚ್ಚಾದಷ್ಟೂ ದನಿ ಸೋತು ಬರುತ್ತೆ. ಬಾಯಿಗೆ ಬಟ್ಟೆ, ಕಿವಿಗೆ ಹತ್ತಿ ತುರುಕಿದ್ರೆ ಪಾಪ ಅದಾದ್ರೂ ಏನು ಮಾಡೀತು?”

“ಯಾರು ತುರುಕಿದ್ದು?”

“ಅದನ್ನೇ ನಾಳೆ ನೋಡೋಣ.”

ಬೆಳಿಗ್ಗೆ ಬೋಟನ್ನು ಮೇಲಕ್ಕೆ ಎಳೆಸಿದರು. ತಮ್ಮನೂ ಬಂದ. ತಂತಿಯಕ್ಕ ಬೋಟಿನ ಅಡಿಗೆ ನುಸುಳಿ, ಅಂಗಾತ ಮಲಗಿ, ಟಾರ್ಚು ಬಿಟ್ಟಳು.

“ಬಣ್ಣ ಯಾರು ಬಳಿದದ್ದು?”

“ನಾನೇ” ಎಂದ ಹಿರಿಯಣ್ಣ, ಎದೆ ಉಬ್ಬಿಸಿ. “ಕೂಲಿಯವ್ರ ಕೈಗೆ ಕೊಡಲ್ಲ ನಾನು. ಮೂರು ಕೈ ಬಳಿದಿದೀನಿ, ಒಂದು ಚೂರು ಜಾಗ ಬಿಟ್ಟಿಲ್ಲ.”

“ಬನ್ನಿ ಇಲ್ಲಿ. ಕೈ ಆಡಿಸಿ.”

ಅವನು ಬಗ್ಗಿ ಕೈ ಆಡಿಸಿದ. ಗುಂಡಿನ ಮುಖದ ಮೇಲೂ ಅದೇ ದಪ್ಪ ಬಣ್ಣ. ಅದರ ಮೇಲೆ ಉಗುರಿನಷ್ಟು ಉಗುರಿನಷ್ಟು ಚಿಪ್ಪುಗಳು ಕಚ್ಚಿಕೊಂಡಿದ್ದವು. ಗುಂಡು ಒಂದು ಬದಿಗೆ ವಾಲಿಯೂ ಇತ್ತು. ಕೂಗು ನೇರ ಕೆಳಗೆ ಹೋಗುವ ಬದಲು ಓರೆಯಾಗಿ ಹೋಗುತ್ತಿತ್ತು.

ಹಿರಿಯಣ್ಣ ಎದ್ದಾಗ ತಮ್ಮನ ಮುಖ ನೋಡಲಾಗದೆ ಅವನ ಬ್ಯಾಂಡೇಜು ನೋಡಿದ.

“ಕುಣಿಯಕ್ಕೆ ಬಾರದವನು ನೆಲ ಡೊಂಕು ಅಂದ ಹಾಗಾಯ್ತು ನನ್ನ ಕತೆ” ಎಂದ. “ಯಂತ್ರಕ್ಕೆ ಬೈದೆ. ನಿನ್ನ ಕೈ ಮುರಿದದ್ದು ನಾನು.”

“ಅಣ್ಣಾ, ನೀನು ಬಳೀವಾಗ ಪಕ್ಕದಲ್ಲಿ ಬಣ್ಣದ ಡಬ್ಬಿ ಹಿಡ್ಕೊಂಡು ನಿಂತಿದ್ದವನು ನಾನೇ” ಎಂದ ತಮ್ಮ. “ನನಗೂ ಹೊಳೀಲಿಲ್ಲ.”

ತಂತಿಯಕ್ಕ ನಯವಾದ ಉಜ್ಜುಕಾಗದವನ್ನು ಸಾಬೂನು ನೀರಿನಲ್ಲಿ ಅದ್ದಿ ಹಿರಿಯಣ್ಣನ ಕೈಗೆ ಕೊಟ್ಟಳು. “ಮೆಲ್ಲಗೆ ಉಜ್ಜಿ. ಚಾಕು ಮುಟ್ಟಿಸಬೇಡಿ, ಗೀರು ಬಿದ್ರೆ ಮತ್ತೆ ಕಿವುಡಾಗುತ್ತೆ.” ಅವನು ಮಗುವಿನ ಬೆನ್ನು ತಿಕ್ಕುವ ಹಾಗೆ ತಿಕ್ಕಿದ. ಅಷ್ಟರಲ್ಲಿ ಆಕೆ ವಾಲಿದ ಗುಂಡನ್ನು ಮಟ್ಟ ಇಟ್ಟು ನೇರ ಮಾಡಿದಳು. ಪ್ರೊಪೆಲ್ಲರ್ ಎಬ್ಬಿಸುವ ಗುಳ್ಳೆ ಅದರ ಮುಖಕ್ಕೆ ಬಡಿಯದಂತೆ ಒಂದು ಗೇಣು ಆಚೆ ಕೂರಿಸಿದಳು. ಎಂಜಿನ್ ತಂತಿಗಳ ಜೊತೆ ಜಡೆ ಹೆಣೆದಂತೆ ಸುತ್ತಿಕೊಂಡಿದ್ದ ಯಂತ್ರದ ತಂತಿಯನ್ನು ಬಿಡಿಸಿ, ಬೇರೆ ದಾರಿಯಲ್ಲಿ ನೇರ ಬ್ಯಾಟರಿಗೆ ಎಳೆದು, ಯಂತ್ರವನ್ನು ಮತ್ತೆ ಬೋಟಿನಲ್ಲಿ ಕೂರಿಸಿದಳು.

“ಎಂಜಿನ್ ಆರಿಸಿದಾಗ ಚುಕ್ಕಿ ಕಡಿಮೆ ಆದ್ರೆ, ಗಲಾಟೆ ಎಂಜಿನ್ನಿಂದು ಅಂತ ತಿಳ್ಕೊಳ್ಳಿ” ಎಂದಳು.

ಮೂರು ದಿನ ಬಿಟ್ಟು ಸಮುದ್ರಕ್ಕೆ ಹೊರಟರು. ತಂತಿಯಕ್ಕ ಹತ್ತಿದಳು. ಹಿರಿಯಣ್ಣನ ಹೆಂಡತಿಯೂ ಹತ್ತಿದಳು. ತಮ್ಮ ಹತ್ತಲು ಬಂದಾಗ ಹಿರಿಯಣ್ಣ ತಡೆದ.

“ಕೈ ಕಟ್ಟಿದಾರೆ ಅಣ್ಣಾ, ಕಣ್ಣು ಕಟ್ಟಿಲ್ಲ” ಎಂದು ತಮ್ಮ ಬಂದು ಪರದೆಯ ಮುಂದೆ ಕೂತ.

ಅರವತ್ತು ಮಾರು ನೀರಿಗೆ ಬಂದಾಗ ಚಿತ್ರ ಮೊದಲಿಗಿಂತ ಎಷ್ಟೋ ವಾಸಿಯಾಗಿತ್ತು. ಆದರೂ ತಳದ ಗೆರೆ ತುಂಡು ತುಂಡಾಗಿ ಕಾಣುತ್ತಿತ್ತು. “ನೋಡಿದ್ರಾ!” ಎಂದ ಹಿರಿಯಣ್ಣ. ಸಂಶಯ ಇನ್ನೂ ಪೂರ್ತಿ ಸತ್ತಿರಲಿಲ್ಲ.

“ಯಂತ್ರದ ಕೂಗನ್ನ ಇನ್ನೂರು ಕಿಲೋಹರ್ಟ್ಜ್‌ನಲ್ಲಿ ಇಟ್ಟಿದೀರಿ. ಅದು ಸಣ್ಣ ದನಿ, ಕಡಿಮೆ ನೀರಿಗೆ ಸರಿ. ದೂರದ ಮನೇಲಿ ಜೋರಾಗಿ ಹಾಡು ಹಾಕಿದ್ರೆ ನಿಮಗೆ ಏನು ಕೇಳುತ್ತೆ? ಹಾಡೋ, ಢಂ ಢಂ ಸದ್ದೋ?”

“ಢಂ ಢಂ ಅಷ್ಟೇ” ಎಂದಳು ಹೆಂಡತಿ.

“ಹಾಂ. ದಪ್ಪ ದನಿ ದೂರ ಹೋಗುತ್ತೆ. ಆಳಕ್ಕೆ ಐವತ್ತಕ್ಕೆ ತಿರುಗಿಸಿ. ಸೆನ್ಸಿಟಿವಿಟಿ, ಅಂದ್ರೆ ಅದರ ಕಿವಿಯ ಚುರುಕು, ಏರಿಸ್ತಾ ಹೋಗಿ, ಪರದೆ ತುಂಬ ಚುಕ್ಕಿ ಬಂದ ಕೂಡ್ಲೆ ಸ್ವಲ್ಪ ಇಳಿಸಿ. ಬೋಟು ನಿಧಾನ ಮಾಡಿ.”

ತಮ್ಮ ಎಡಗೈಯಿಂದ ಒಂದೊಂದೇ ಗುಂಡಿ ಒತ್ತಿದ. ಚುಕ್ಕಿಗಳು ಇಳಿದವು. ತಳ ದಪ್ಪ ಗೆರೆಯಾಗಿ ಮೂಡಿತು. ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಗೆರೆ ಒಮ್ಮೆಲೇ ಎದ್ದು, ಗೂನು ಬೆನ್ನಿನ ಹಾಗೆ ಬಾಗಿ, ಮತ್ತೆ ಇಳಿಯಿತು.

ಬಲೆ ಹೋದ ಜಾಗ ಅದೇ. ಬಂಡೆಯೋ, ಯಾವತ್ತೋ ಮುಳುಗಿದ ಹಡಗೋ. ಅದರ ನೆತ್ತಿಯ ಮೇಲೆ ಮೋಡದಂತೆ ಒಂದು ರಾಶಿ ಮೀನು.

ಜೊತೆಗಾರರು ಹೊಸ ಬಲೆಗೆ ಕೈ ಹಾಕಿದರು. ಹಿರಿಯಣ್ಣನ ಕೈಯೂ ಚುಕ್ಕಾಣಿಯ ಮೇಲೆ ಬಿಗಿಯಾಯಿತು. ಅಷ್ಟು ಮೀನನ್ನು ಕಣ್ಣಾರೆ ಕಂಡು ಬಿಟ್ಟುಬರುವುದು ಸುಲಭವಲ್ಲ. ಅವನು ಹೆಂಡತಿಯನ್ನು ನೋಡಿದ, ತಮ್ಮನನ್ನು ನೋಡಿದ.

“ಬಲೆ ಬಿಡಬೇಡಿ” ಎಂದ.

“ಐವತ್ತರ ದನಿ ಅಗಲಕ್ಕೆ ಹರಡುತ್ತೆ, ಸಣ್ಣ ಕಲ್ಲು ತಪ್ಪಿಹೋಗಬಹುದು” ಎಂದಳು ತಂತಿಯಕ್ಕ. “ಹೊಸ ಜಾಗದಲ್ಲಿ ಎರಡು ಸಲ ಹಾದುಹೋಗಿ ನೋಡಿ.”

ದೂರಕ್ಕೆ ಸರಿದು, ಎರಡಲ್ಲ, ಮೂರು ಸಲ ಹಾದುಹೋದರು. ತಳ ಚಾಪೆ ಹಾಸಿದಂತೆ ಕಂಡಲ್ಲಿ ಬಲೆ ಬಿಟ್ಟರು. ಸಿಕ್ಕಿದ ಮೀನು ಹೆಚ್ಚೇನಲ್ಲ. ಆದರೆ ಬಲೆ ಒಂದು ಎಳೆಯೂ ಹರಿಯದೆ ಮೇಲೆ ಬಂತು.

ತಿರುಗಿ ಬರುವಾಗ ಹಿರಿಯಣ್ಣ ವೈರ್‌ಲೆಸ್ ಕೈಗೆತ್ತಿಕೊಂಡ. ಮೀನಿರುವ ಜಾಗದ ಬಗ್ಗೆ ಹುಟ್ಟಿದಾಗಿನಿಂದ ಯಾರಿಗೂ ಬಾಯಿ ಬಿಟ್ಟವನಲ್ಲ ಅವನು. ಗೂನಿನ ಜಾಗದ ಗುರುತನ್ನು ಎಲ್ಲ ಬೋಟುಗಳಿಗೂ ಕೇಳುವಂತೆ ಎರಡು ಸಲ ಹೇಳಿದ. “ಅಲ್ಲಿ ಮೀನಿದೆ. ಆದ್ರೂ ಬಲೆ ಬಿಡಬೇಡಿ. ನನ್ನ ತಮ್ಮನ ಕೈ ಮುರಿದದ್ದು ಅಲ್ಲೇ” ಎಂದ.

ತಮ್ಮನ ಬೆರಳುಗಳಲ್ಲಿ ಒಂದು ಸರಿಯಾಯಿತು. ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ. ಆ ಬೋಟಿನಲ್ಲಿ ಈಗ ಪರದೆ ನೋಡುವ ಕೆಲಸ ಅವನದೇ. ಅವನು “ಸರಿ” ಎನ್ನುವವರೆಗೆ ಹಿರಿಯಣ್ಣ ಬಲೆ ಬಿಡುವುದಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೋಟನ್ನು ಮುಂದೆ ಮೇಲಕ್ಕೆ ಎಳೆದ ದಿನ ಒಮ್ಮೆ ಅಡಿಗೆ ಬಗ್ಗಿ ಆ ಗುಂಡಿನ ಮುಖಕ್ಕೆ ಕೈ ಆಡಿಸಿ. ಚಿಪ್ಪಿದ್ದರೆ, ದಪ್ಪ ಬಣ್ಣವಿದ್ದರೆ ಮೆಲ್ಲಗೆ ತೆಗೆಯಿರಿ. ಅದು ನೇರ ಕೆಳಗೆ ನೋಡುತ್ತಿದೆಯೇ, ಅದರ ತಂತಿ ಎಂಜಿನ್ ತಂತಿಯಿಂದ ದೂರವಿದೆಯೇ ಎಂದು ಪರೀಕ್ಷಿಸಿ. ಆಳಕ್ಕೆ ಹೋದಾಗ ದಪ್ಪ ದನಿಗೆ ತಿರುಗಿಸಿ, ವೇಗ ಇಳಿಸಿ. ಅಷ್ಟಾದರೂ ಚಿತ್ರ ತಿಳಿಯಾಗದಿದ್ದರೆ ಅಲ್ಲಿ ಬಲೆ ಬಿಡಬೇಡಿ, ಗೊತ್ತಿದ್ದವರನ್ನು ಕೇಳಿ. ಇಷ್ಟು ವರ್ಷ ಸಮುದ್ರದಲ್ಲಿದ್ದವನು ಈಗ ಹೋಗಿ ಕೇಳುವುದೇ ಎಂದು ನಾಚಬೇಡಿ. ನಿಮ್ಮ ಬೋಟಿನಲ್ಲಿ ಹಗ್ಗ ಹಿಡಿದು ನಿಂತವರು ನಿಮ್ಮ ಮಾತು ನಂಬಿ ನಿಂತಿದ್ದಾರೆ.