ಹೊಕ್ಕಳಬಳ್ಳಿಯ ವರದಕ್ಷಿಣೆ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನವರ ಪಾಲಿನದು. ವಿಜಯಪುರ ಬಿಟ್ಟು ಮುಂಬೈಗೆ ಬಂದು ಎರಡು ತಲೆಮಾರು ಕಳೆದವರೂ ಈ ರೂಢಿಯನ್ನು ಮರೆತಿಲ್ಲ. ಬೀಗರಿಂದ ಬರುವುದನ್ನು ಯಾರು ತಾನೇ ಮರೆಯುತ್ತಾರೆ? ಮೊದಲು ಹಸಿರು ಸೀರೆ, ಬಳೆ, ಒಂದು ಬುಟ್ಟಿ ಹೋಳಿಗೆ ತಂದರೆ ಕುಬಸ, ಅಂದರೆ ಸೀಮಂತ, ಮುಗಿಯುತ್ತಿತ್ತು. ಆಮೇಲೆ ಬೆಳ್ಳಿ ತೊಟ್ಟಿಲು ಬಂತು. ಅದರ ಬೆನ್ನಿಗೇ ದೊಡ್ಡ ಆಸ್ಪತ್ರೆಯ ಎಸಿ ರೂಮು ಬಂತು. ಈಗ ಬಂದಿರುವುದನ್ನು ಕೇಳಿದರೆ ನೀವು ನಗುತ್ತೀರಿ. ನನಗೆ ಮಾತ್ರ ನಗು ಬರಲಿಲ್ಲ, ಸಿಟ್ಟು ಬಂತು.

ಅಂಧೇರಿಯ ನಮ್ಮ ಬಿಲ್ಡಿಂಗಿನಲ್ಲಿ ಎದುರು ಫ್ಲ್ಯಾಟಿನವರು ಸಿದ್ದರಾಮಪ್ಪ ಮತ್ತು ರಾಚವ್ವ. ಮಗ ಅನಿಕೇತನಿಗೆ ಕನ್ನಡ ತಿಳಿಯುತ್ತದೆ, ಆಡಲು ಹೋದರೆ ನಾಲಿಗೆ ಹಿಂದಿಗೆ ಜಾರುತ್ತದೆ. ಸೊಸೆ ಮಾಧುರಿ ಬಸುರಿ. ಅವಳ ತಂದೆ ಈರಣ್ಣ ಕಟ್ಟಡಗಳಲ್ಲಿ ನೆಲಕ್ಕೆ ಫರಸಿ ಕಲ್ಲು ಕೂರಿಸುವವರು. ಕೂತು ಕೂತು ಮೊಣಕಾಲು ಹೋಗಿವೆ. ಕಿರಿಮಗಳು ಸಪ್ನಾಗೆ ಆ ವರ್ಷವೇ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಈರಣ್ಣ ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಒಂದು ಸಂಜೆ ನಾನು ಅವರ ಮನೆಗೆ ಚಹಾಕ್ಕೆ ಹೋದಾಗ ರಾಚವ್ವ ಸುದ್ದಿ ತೆಗೆದಳು.

"ದೇವಕ್ಕಾ, ಬಾಂದ್ರಾದಾಗಿನ ನಮ್ಮ ಅಕ್ಕನ ಸೊಸೀಗೆ ತವರಮನಿಯವರು ಕೂಸಿನ ಹೊಕ್ಕಳಬಳ್ಳಿ ರಕ್ತಾ, ಅದನ್ನ ಕಾಯ್ದಿಡೂ ಪ್ರೈವೇಟ್ ಬ್ಯಾಂಕಿನ್ಯಾಗ ಇಡಿಸಿ ಕೊಟ್ಟಾರ. ನಮ್ಮ ಬೀಗರೂ ಇಡಸಬೇಕು. ಕುಬಸದಾಗ ಎಲ್ಲಾರ ಮುಂದ ಕರಾರಿಗೆ ಸಹಿ ಮಾಡಲಿ."

"ಇಟ್ಟು ಏನ ಮಾಡತೀ?" ಎಂದೆ.

"ಕೂಸಿಗೆ ಮುಂದ ಏನ ಬ್ಯಾನಿ ಬಂದ್ರೂ ಅದರಿಂದನ ಗುಣಾ ಆಗತೈತಂತ. ಮನಿ ಮಂದಿಗೂ ಬರತೈತಂತ. ಇವರ ಸಕ್ಕರಿ ಬ್ಯಾನಿ ಸೈತ ಹೋಗತೈತಂತ."

"ಹೋಗತೈತಿ, ಹೋಗತೈತಿ," ಎಂದರು ಸಿದ್ದರಾಮಪ್ಪ, ಸಕ್ಕರೆ ಸುರಿದ ಚಹಾ ಹೀರುತ್ತ.

ಮಾಧುರಿ ಸುಮ್ಮನೆ ಕೂರುವ ಹುಡುಗಿಯಲ್ಲ. ಗಂಡನನ್ನು ಕರೆದುಕೊಂಡು ಹೋಗಿ ತನ್ನ ಡಾಕ್ಟರನ್ನೇ ಕೇಳಿ ಬಂದಳು, ಬಂದು ಇದು ಬೇಕಿಲ್ಲವೆಂದು ಅತ್ತೆಗೂ ಹೇಳಿದಳು. ರಾಚವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ನೇರ ಈರಣ್ಣನಿಗೇ ಫೋನು ಹಚ್ಚಿದಳು. ಹೆಣ್ಣು ಕೊಟ್ಟವರಿಗೆ ಬೀಗರ ಮಾತೆಂದರೆ ದೇವರ ಮಾತು. "ಆಗಲ್ರಿ" ಎಂದುಬಿಟ್ಟರು. ಬ್ಯಾಂಕಿಗೆ ಕಟ್ಟಲು ಕಾಲೇಜಿನ ಫೀಸಿನ ದುಡ್ಡೇ ಗತಿ. ಮರುದಿನ ಸಪ್ನಾಗೆ, "ಈ ವರ್ಷ ಮನ್ಯಾಗಿರವ್ವಾ, ಮುಂದಿನ ವರ್ಷ ನೋಡೋಣು" ಎಂದರಂತೆ. ಹುಡುಗಿ ಅಕ್ಕನಿಗೆ ಫೋನಿನಲ್ಲಿ ಅತ್ತಳು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹುಟ್ಟಬೇಕಾದ ಕೂಸಿಗಿಂತ ಅದರ ಬಳ್ಳಿಯೇ ಆ ಮನೆಗೆ ಭಾರವಾಯಿತು.

ಕುಬಸ ಮಾಟುಂಗದ ಒಂದು ಸಣ್ಣ ಹಾಲ್‌ನಲ್ಲಿ. ಹಾಡು ಬರುತ್ತದೆಂದು ನನ್ನನ್ನೂ ಕರೆದಿದ್ದರು. ಮಾಧುರಿ ಮಣೆಯ ಮೇಲೆ ಕೂತಿದ್ದಳು. ಹರಿವಾಣದಲ್ಲಿ ಕುಪ್ಪಸದ ಖಣ, ಕಾಯಿ, ಎಲೆಅಡಿಕೆ. ಅವುಗಳ ಮೇಲೆ ಬ್ಯಾಂಕಿನ ಕರಾರುಪತ್ರ. ಅದಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು! ಬ್ಯಾಂಕಿನ ಹುಡುಗಿ ರಂಜನಾ ಸಹ ರೇಶ್ಮೆ ಸೀರೆಯುಟ್ಟು ಬಂದಿದ್ದಳು.

"ಅಂಕಲ್, ಬಸ್ ಯಹಾಂ ಸೈನ್ ಕೀಜಿಯೆ," ಎಂದು ಸಹಿಯ ಜಾಗ ತೋರಿಸಿ ಪೆನ್ನು ಕೊಟ್ಟಳು.

ಈರಣ್ಣ ಪೆನ್ನು ಹಿಡಿದರು. ಸಪ್ನಾ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

"ಅಪ್ಪಾ, ಪೆನ್ ಕೆಳಗಿಡು," ಎಂದಳು ಮಾಧುರಿ.

ನಾನು ಹಾಡು ನಿಲ್ಲಿಸಿದೆ.

"ಶುಭ ಹೊತ್ತಿನ್ಯಾಗ ಬಾಯಿ ಮುಚಗೊಂಡು ಕೂಡ್ರು," ಎಂದಳು ರಾಚವ್ವ. "ಕೂಸಿನ ಒಳ್ಳೇದಕ್ಕ ಇದು."

"ಕೂಸಿನ ಒಳ್ಳೇದಕ್ಕಾದ್ರ ನಾನ ಮೊದಲ ಮಾಡತಿದ್ದೆ, ಅತ್ತಿ. ಡಾಕ್ಟರ್ ಏನಂದ್ರು ಕೇಳ್ರಿ. ಕೂಸಿಗೆ ತನ್ನ ರಕ್ತಾನ ಬೇಕಾಗೂದು ಭಾಳ ಅಪರೂಪ. ಹುಟ್ಟಾ ರಕ್ತದ ಬ್ಯಾನಿ ಇತ್ತಂದ್ರ ಆ ದೋಷ ಬಳ್ಳಿ ರಕ್ತದಾಗೂ ಇರತೈತಿ, ಇಟ್ಟು ಉಪಯೋಗಿಲ್ಲ. ಅಂಥಾ ಬ್ಯಾನಿ ಇರೋ ದೊಡ್ಡ ಮಗು ಮನ್ಯಾಗ ಇದ್ದಿದ್ರ ಮಾತು ಬ್ಯಾರೆ, ಅದಕ್ಕ ಕೊಡಬಹುದಿತ್ತು. ನಮ್ಮ ಮನ್ಯಾಗ ಯಾರದಾರ? ಮಾವನ ಸಕ್ಕರಿ ಬ್ಯಾನಿಗಂತೂ ಇದು ಔಷಧಾನ ಅಲ್ಲ."

ಸಿದ್ದರಾಮಪ್ಪ ರಂಜನಾಳ ಮುಖ ನೋಡಿದರು. ಅವಳು ಫೋನು ನೋಡತೊಡಗಿದಳು.

"ಮತ್ತ ಚೆಲ್ಲಿ ಬಿಡೂದೇನು?" ಎಂದಳು ರಾಚವ್ವ.

"ಯಾಕ ಚೆಲ್ಲಬೇಕು? ನಮ್ಮ ದವಾಖಾನ್ಯಾಗ ಸಾರ್ವಜನಿಕ ಬ್ಯಾಂಕಿನವರು ತಗೋತಾರ. ಪುಕಟ, ಒಂದ ರೂಪಾಯಿ ಕೊಡೂದಿಲ್ಲ. ಒಮ್ಮೆ ಕೊಟ್ಟ ಮ್ಯಾಲ ಅದು ನಮ್ಮದಲ್ಲ. ಯಾರಿಗೆ ಹೊಂದತೈತಿ, ಯಾರು ಸಾಯಾಕ ಬಿದ್ದಾರ, ಅವರಿಗೆ ಹೋಗತೈತಿ. ನಾ ಅಲ್ಲಿ ಹೆಸರು ಕೊಟ್ಟು ಬಂದೀನಿ."

ರಾಚವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಶಿವನ! ನಮ್ಮ ವಂಶದ ರಕ್ತಾ ಯಾವ ಜಾತಿಯವರ ಮೈಯಾಗ ಹೋಗತೈತೋ ಏನೋ!"

"ಅತ್ತಿ, ನಿಮ್ಮ ಗರ್ಭಚೀಲದ ಆಪರೇಷನ್ನಿಗೆ ಬಾಟಲಿ ರಕ್ತಾ ಏರಿಸಿದ್ರಲ್ಲ, ಯಾವ ಜಾತೀದಂತ ಕೇಳಿದ್ರೇನು? ಅವ ಯಾರೋ ಕೊಟ್ಟ, ನೀವು ಉಳದ್ರಿ. ತಗೊಳ್ಳಾಕ ಜಾತಿಲ್ಲ, ಕೊಡಾಕ ಮಾತ್ರ ಜಾತಿ ಐತೇನು?"

ಅನಿಕೇತ್ ಮೆಲ್ಲಗೆ ಹೆಂಡತಿಯ ಪಕ್ಕಕ್ಕೆ ಬಂದ. "ಮಮ್ಮಿ, ಮಾಧುರಿ ಬರೋಬರ್ ಬೋಲ್ ರಹೀ ಹೈ, ಖರೇ ಹೇಳ್ತಾಳ. ನಾ ಭೀ ಅಲ್ಲೇ ಇದ್ದೆ, ಡಾಕ್ಟರ್ ಹಿಂಗೇ ಹೇಳಿದ್ರು." ಅವನು ಹರಕುಮುರುಕು ಕನ್ನಡದಲ್ಲಿ ಆಡಿದ ಅಷ್ಟು ಮಾತು ನನ್ನ ಕಿವಿಗೆ ಅಮೃತವಾಗಿತ್ತು.

ರಾಚವ್ವ ಸೋಲುವವಳಲ್ಲ. ಈರಣ್ಣನ ಕಡೆ ತಿರುಗಿದಳು. "ಬೀಗರ, ಮಗಳಿಗೆ ಹೇಳ್ರಿ. ನಾಕು ಮಂದ್ಯಾಗ ನಮ್ಮ ಮಾನ ಹೋದ್ರ, ಆಕೀ ಬಾಳೇವು ನೀವ ತವರಮನ್ಯಾಗ ನೋಡಕೋಬೇಕಾದೀತು."

ಪಾಪ, ಈರಣ್ಣ ಪೆನ್ನು ಹಿಡಿದು ಕಾಗದದ ಮೇಲೆ ಬಗ್ಗಿದರು. "ಮಾಧುರೀ, ಬ್ಯಾಡವ್ವಾ. ನಾ ಸಹಿ ಮಾಡತೀನಿ. ಹೆಂಗರೆ ಆಗತೈತಿ."

ಬಸುರಿ ಹುಡುಗಿ ಮಣೆಗೆ ಕೈ ಊರಿ ಎದ್ದು ನಿಂತಳು.

"ನೀ ಸಹಿ ಮಾಡಿದ್ರೂ ಆಗಂಗಿಲ್ಲ, ಅಪ್ಪಾ. ಇದು ನನ್ನ ಮೈಯಿಂದ ಬರೂದು, ನಾ ಒಪ್ಪದ ಯಾರೂ ಮುಟ್ಟುವಂಗಿಲ್ಲ. ನಾ ಒಪ್ಪಂಗಿಲ್ಲ. ಸೀರಿ ತಂದೀ, ಉಟ್ಟೆ. ಬಳಿ ತಂದೀ, ಇಟ್ಟೆ. ನನ್ನ ತಂಗೀ ಓದು ಹರಿವಾಣದಾಗ ಇಟ್ಟು ಕೊಟ್ರ, ಅದನ್ನ ನಾ ಉಡ್ಯಾಗ ಹಾಕ್ಕೊಳ್ಳಂಗಿಲ್ಲ." ಅತ್ತೆಯ ಕಡೆ ತಿರುಗಿದಳು. "ಬಾಳೇವಿನ ಮಾತು ಅಪ್ಪಗ ಹೇಳಬ್ಯಾಡ್ರಿ, ಅತ್ತಿ. ಅದು ನನ್ನದು. ನನಗ ಹೇಳ್ರಿ."

ಮಾಧುರಿ ಕರಾರುಪತ್ರವನ್ನು ಎತ್ತಿ, ಅದಕ್ಕೆ ಅಂಟಿದ ಕುಂಕುಮ ಒರೆಸಿ, ರಂಜನಾಳ ಕೈಗೆ ವಾಪಸು ಕೊಟ್ಟಳು. ಸಪ್ನಾ ಗೋಡೆ ಬಿಟ್ಟು ಅಕ್ಕನ ಹಿಂದೆ ಬಂದು ನಿಂತಳು.

ಈರಣ್ಣ ಇಬ್ಬರು ಹೆಣ್ಣುಮಕ್ಕಳನ್ನೂ ನೋಡಿದರು. ಆಮೇಲೆ ಪೆನ್ನು ಮುಚ್ಚಿ ಕೆಳಗಿಟ್ಟರು, ಮೊಣಕಾಲು ಹಿಡಿದುಕೊಂಡೇ ಎದ್ದರು. ಬೀಗರೆದುರು ಅವರು ತಲೆಯೆತ್ತಿ ನಿಂತಿದ್ದನ್ನು ನಾನು ಕಂಡದ್ದು ಅಂದೇ.

"ಬೀಗರ, ಮಗಳು ಹೇಳಿದ್ಲಲ್ಲ, ಅಷ್ಟ. ನಾಳೆ ಮುಂಜಾನೆ ಸಪ್ನಾನ ಹೆಸರು ಕಾಲೇಜಿಗೆ ಹಚ್ಚಾಕ ಹೋಗಬೇಕು. ಏಳ್ರಿ, ಊಟಾ ಮಾಡೋಣು."