ಎ ಕ್ಲಾಸ್ ಬಾಗಿಲು

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ದೊಡ್ಡವೆಂಕಟಪ್ಪನಿಗೆ ಯಾರಾದರೂ ‘ಸಿ’ ಅಂದರೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಮಂಡಿಯಲ್ಲಿ ಎ ಅಂದರೆ ಕಲೆಯಿಲ್ಲದ ಬಾದಾಮಿ, ಸಿ ಅಂದರೆ ಜ್ಯೂಸ್ ಫ್ಯಾಕ್ಟರಿಗೆ ಹೋಗುವ ಒಡಕು ಹಣ್ಣು. ಅಂಥವನ ಹಣ್ಣು ಮಾಗಿಸುವ ಕೋಣೆಗಳ, ಕಂಪ್ಯೂಟರಿನಿಂದ ತೆಗೆಯುವ ಬೀಗಗಳಿಗೆ, ಮಾಲೂರಿನಿಂದ ನೆಟ್‌ವರ್ಕ್ ಕೆಲಸಕ್ಕೆ ಬರುತ್ತಿದ್ದ ಮೌನಿಕಾ ಕೊಟ್ಟಿದ್ದು ಸಿ ಕ್ಲಾಸ್ ಐಪಿ ಅಡ್ರೆಸ್, ಅಂದರೆ ಪ್ರತಿ ಬೀಗವನ್ನು ಕಂಪ್ಯೂಟರ್ ಗುರುತಿಸುವ ನಂಬರುಗಳ ಸಾಲು.

“ಏನಮ್ಮಾ, ನನ್ನ ಮಂಡಿ ಸಿ ಕ್ಲಾಸಾ?”

“ಅಣ್ಣಾ, ಇದು ಹಣ್ಣಿನ ಗ್ರೇಡಲ್ಲ. ಭಾರಿ ನೆಟ್‌ವರ್ಕಿಗೆ ಎ, ನಡುವಿನದಕ್ಕೆ ಬಿ, ನಮ್ಮಂಥ ಚಿಕ್ಕದಕ್ಕೆ ಸಿ. ಅಡ್ರೆಸ್ಸಿನ ಮೊದಲನೇ ನಂಬರ್ ನೋಡಿದ್ರೆ ಗೊತ್ತಾಗುತ್ತೆ. ನೂರ ತೊಂಬತ್ತೆರಡು ಅಂದ್ರೆ ಸಿ.”

“ಎ ಎಲ್ಲಿವರೆಗೆ?”

“ನೂರ ಇಪ್ಪತ್ತೇಳು ಬರೋವರೆಗೂ,” ಅಂದು ಬಸ್ಸಿಗೆ ಓಡಿದಳು. ಅರ್ಧ ಮಾತು ಹೇಳಿ ಓಡುವುದು ಅವಳ ಚಾಳಿ.

ಮುಂದಿನ ವಾರ ಅವಳು ಬಂದು ಒಂದು ಕೋಣೆಯೊಳಗೆ ಸೆನ್ಸಾರ್ ನೋಡುತ್ತಿದ್ದಳು. ಬಾಗಿಲಿಗೆ ಅಡ್ಡ ಇಟ್ಟಿದ್ದ ಕ್ರೇಟು ಜಾರಿತು, ಬಾಗಿಲು ಮುಚ್ಚಿಕೊಂಡಿತು. ಒಳಗಿನ ಹಿಡಿ ಎಂದೋ ಮುರಿದುಹೋಗಿತ್ತು. ಇರಲಿ, ಆಫೀಸಿನ ಕಂಪ್ಯೂಟರಿನಿಂದ ತೆಗೀತಾರೆ ಅಂತ ಗೋಡೆಯ ಇಂಟರ್‌ಕಾಮ್ ಎತ್ತಿದಳು.

ಬಾಗಿಲು ತೆರೆಯಲಿಲ್ಲ. ಗುಮಾಸ್ತ ಉಮೇಶ ಒತ್ತಿದ್ದೇ ಒತ್ತಿದ್ದು. ಮಾಗುವ ಕಾಯಿ ಗಾಳಿಯನ್ನು ಕೆಡಿಸುತ್ತದೆ, ಮುಚ್ಚಿದ ಕೋಣೆಯಲ್ಲಿ ಹೆಚ್ಚು ಹೊತ್ತು ಇರಬಾರದು. ಮೌನಿಕಾಗೆ ಆಗಲೇ ತಲೆ ಭಾರವಾಗಿತ್ತು, ಭಯವಾಗಿತ್ತು.

“ಪಿಂಗ್ ಮಾಡಿ ನೋಡು,” ಅಂದಳು. ಬೀಗ ಲೈನಿನಲ್ಲಿದೆಯಾ ಅಂತ ಕಂಪ್ಯೂಟರಿನಿಂದ ಕೂಗಿ ಕೇಳುವುದಕ್ಕೆ ಹಾಗನ್ನುತ್ತಾರೆ.

ದೊಡ್ಡವೆಂಕಟಪ್ಪನೇ ಫೋನ್ ಕಿತ್ತುಕೊಂಡ. “ಉತ್ತರ ಜೋರಾಗಿ ಬರ್ತಾ ಐತೆ ಕಣಮ್ಮ. ಬೀಗದ್ದೇ ಏನೋ ಕೆಟ್ಟೈತೆ. ಬೆಂಗಳೂರಿಂದ ಕಂಪನಿಯೋನು ಸಂಜೆಗೆ ಬರ್ತಾನೆ, ತಡ್ಕೋ.”

“ಸಂಜೆವರೆಗೂ ನಾನು ಇರಲ್ಲ ಅಣ್ಣಾ. ಕಂಪ್ಯೂಟರಲ್ಲಿ ಬೀಗಕ್ಕೆ ಹಾಕಿರೋ ಅಡ್ರೆಸ್ ಓದಿ.”

“ನೂರ ಇಪ್ಪತ್ತೇಳು... ಬೆಳಗ್ಗೆ ನಾನೇ ಬದಲಾಯಿಸ್ದೆ. ಎ ಕ್ಲಾಸು.”

ಅವಳು ಅವತ್ತು ನುಂಗಿದ್ದ ಅರ್ಧ ಮಾತು ಇದೇ. “ಎ ನೂರ ಇಪ್ಪತ್ತಾರಕ್ಕೇ ಮುಗಿಯುತ್ತೆ ಅಣ್ಣಾ. ನೂರ ಇಪ್ಪತ್ತೇಳು ಯಾರಿಗೂ ಇಲ್ಲ. ಅದು ಕಂಪ್ಯೂಟರ್ ತನ್ನನ್ನೇ ಕೂಗ್ಕೊಳ್ಳೋ ನಂಬರು. ನೂರ ತೊಂಬತ್ತೆರಡೇ ಹಾಕಿ.”

“ಉತ್ತರ ಕೊಡೋದನ್ನೂ ಕೆಡಿಸಿಬಿಟ್ರೆ? ನೀನು ಒಳಗೇ ಸತ್ರೆ ನಿಮ್ಮಮ್ಮನಿಗೆ ನಾನೇನ್ ಹೇಳ್ಲಿ?” ಹೆದರಿದ ಮನುಷ್ಯನಿಗೆ ಬುದ್ಧಿ ಹೇಳುವುದು ಕಷ್ಟ.

ಅವಳು ಗೋಡೆಗೆ ಒರಗಿ ಕುಳಿತಳು. “ಹಾಗಾದ್ರೆ ಕಂಪ್ಯೂಟರ್ ಹಿಂದಿನ ನೀಲಿ ವೈರ್ ಕಿತ್ತುಬಿಡಿ, ಬೀಗಕ್ಕೆ ಹೋಗೋ ದಾರಿ ಅದೊಂದೇ. ಆಮೇಲೆ ಮತ್ತೆ ಪಿಂಗ್ ಮಾಡಿ.”

ಕುರ್ಚಿ ಸರಿದ ಸದ್ದು. ಕೀಲಿಮಣೆಯ ಸದ್ದು.

“ವೈರೇ ಇಲ್ಲ... ಇನ್ನೂ ಉತ್ತರ ಬರ್ತಾ ಐತೆ.”

“ಯಾರು ಕೊಡ್ತಿದಾರೆ ಅಣ್ಣಾ?”

ಅವನು ಉಮೇಶನಿಗೆ “ವೈರ್ ಹಾಕೋ. ಸಿ ಹಾಕೋ ಬೇಗ” ಅಂದಿದ್ದು ಕೇಳಿಸಿತು. ಬೀಗ ಟಕ್ಕೆಂದಿತು.

ಹೊರಗೆ ಬಂದವಳು ಕ್ರೇಟಿನ ಮೇಲೆ ಕುಸಿದು ಅತ್ತಳು. ದೊಡ್ಡವೆಂಕಟಪ್ಪ ಓಡೋಡಿ ಬಂದು ನೀರಿನ ಚೊಂಬು ಹಿಡಿದು ನಿಂತ.

“ನೀನು ಒಳಗಿಂದ ಕೂಗ್ತಿದ್ದೆ,” ಅಂದ. “ನಾನು ಆ ಕಂಪ್ಯೂಟರು ತನಗೆ ತಾನೇ ಹೇಳ್ಕೊಂಡಿದ್ದನ್ನ ನಂಬ್ತಿದ್ದೆ.”